ಹಲಗೆ ಹಾಕುದು ಯಾರು?

ಕಳೆದ ವಾರ ಪುತ್ತೂರು ಕಡೆಯ ಸವಣೂರು ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಾ ಒಂದು ಸಣ್ಣ ಹೋಟೆಲಿಗೆ ಹೊಕ್ಕೆ. ಮುಂದಕ್ಕೆ ಶೀಟು ಇಳಿಸಿದ ಒಂದೇ ಕೋಣೆ, ಗೋಡೆಗೆ ಒತ್ತಿ ಎರಡು ಬೆಂಚು. ಚಹಾ ಹೇಳಿ ಕುಳಿತು ಕೈಯನ್ನು ಬೆಂಚಿನ ಅಂಚಿಗೆ ಇಳಿಬಿಟ್ಟಾಗ ಬೆರಳಿಗೆ ಕಬ್ಬಿಣದ ಬಳೆಯೊಂದು ಸಿಕ್ಕಿತು. ತುಕ್ಕು ಹಿಡಿದ, ಹೆಬ್ಬೆರಳು ದಪ್ಪದ ಬಳೆ. ಕೂರುವ ಬೆಂಚಿಗೆ ಬಳೆ ಯಾಕೆ? ಕೈ ಹಾಗೆಯೇ ಇನ್ನೊಂದು ತುದಿಯ ಕಡೆಗೆ ಹೋಯಿತು. ಅಲ್ಲಿಯೂ ಒಂದು.

ಅದೇ ಬೆಂಚಿನಲ್ಲಿ ಇನ್ನಿಬ್ಬರು ಕುಳಿತು ಈಗ ಎಲ್ಲ ಹೋಟೆಲುಗಳಲ್ಲಿ ನಡೆಯುವ ಚರ್ಚೆಯನ್ನೇ ನಡೆಸುತ್ತಿದ್ದರು. ಅಕ್ಕಿ ಪುಕ್ಕಟೆ, ಬಸ್ಸು ಪುಕ್ಕಟೆ, ಕರೆಂಟು ಪುಕ್ಕಟೆ, ಹೀಗೆ ಕೊಟ್ಟೂ ಕೊಟ್ಟೂ ಜನ ಸೋಮಾರಿಗಳಾದರು ಎಂದು ಒಬ್ಬ. ಬಡವರಿಗೆ ಕೊಡುವುದನ್ನು ನೋಡಿ ನಿಮಗೆ ಯಾಕೆ ಹೊಟ್ಟೆಯುರಿ ಎಂದು ಇನ್ನೊಬ್ಬ. ನಾನು ಅವರಿಬ್ಬರನ್ನೂ ಒಮ್ಮೆ ಏಳಲು ಹೇಳಿದೆ. ಹೋಟೆಲಿನವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆದರೂ ಬಂದು ಒಂದು ತುದಿ ಹಿಡಿದರು, ನಾನೊಂದು ತುದಿ ಹಿಡಿದೆ, ಬೆಂಚನ್ನು ಮಗುಚಿ ಹಾಕಿದೆವು. ಅಡಿಯಲ್ಲಿ ಹಳದಿ ಪೈಂಟಿನಲ್ಲಿ 14 ಎಂದು ಬರೆದಿತ್ತು. ಅದರ ಪಕ್ಕದಲ್ಲಿ ನಮ್ಮ ಬೈಲಿನ ಹೆಸರಿನ ಮೊದಲ ಎರಡು ಅಕ್ಷರ.

"ಇದು ಎಲ್ಲಿಂದ ಸಿಕ್ಕಿತು?" ಎಂದು ಕೇಳಿದೆ.

"ಗುಜರಿಯವರ ಹತ್ರ. ಮರ ಒಳ್ಳೆ ಗಟ್ಟಿ ಉಂಟು. ಯಾಕೆ, ಎಂತ ಆಯ್ತು?"

ಏನೂ ಇಲ್ಲ ಎಂದೆ. ಏನೂ ಇಲ್ಲ ಎನ್ನುವುದು ನನಗೆ ಹಳೆಯ ಅಭ್ಯಾಸ.

ನನ್ನ ಕೆಲಸದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಕಡಬದಲ್ಲಿ ಜೆರಾಕ್ಸು, ಫೋಟೋ, ಆನ್‌ಲೈನ್ ಅರ್ಜಿ ಎಂದು ಬೋರ್ಡು ಹಾಕಿದ ಅಂಗಡಿಗಳಲ್ಲಿ ಒಂದು ನನ್ನದು. ವಿಧವಾ ವೇತನ, ವೃದ್ಧಾಪ್ಯ ವೇತನ, ರೇಶನ್ ಕಾರ್ಡಿನ ತಿದ್ದುಪಡಿ, ಮನೆಯ ಅರ್ಜಿ, ಬೆಳೆ ಪರಿಹಾರದ ಅರ್ಜಿ... ಸರಕಾರ ಜನರಿಗೆ ಕೊಡುವುದೆಲ್ಲ ನನ್ನ ಕೀಬೋರ್ಡಿನ ಮೇಲಿನಿಂದಲೇ ಹಾದುಹೋಗಬೇಕು. ಕಾರಿನಲ್ಲಿ ಬಂದಿಳಿದು ಬಡವರ ಕಾರ್ಡು ನವೀಕರಿಸಿಕೊಂಡು, ಎದ್ದು ಹೋಗುವಾಗ ಜನ ಸರಕಾರದ ಎಂಜಲಿಗೆ ಬಿದ್ದು ಹಾಳಾದರು ಎಂದು ಭಾಷಣ ಬಿಗಿಯುವವರನ್ನು ನಾನು ಕಂಡಿದ್ದೇನೆ. ಬೆರಳ ತುದಿ ಸವೆದು ಯಂತ್ರಕ್ಕೆ ಬೆರಳಚ್ಚು ಸಿಗದೆ, ಮೂರು ಸಲ ಬಂದು ಮೂರು ಸಲವೂ ಬರಿಗೈಯಲ್ಲಿ ಹೋದ ಅಜ್ಜಿಯರನ್ನೂ ಕಂಡಿದ್ದೇನೆ. ಹಾಗಾಗಿ ಆ ಚರ್ಚೆ ಕಿವಿಗೆ ಬಿದ್ದರೆ ನನ್ನ ತಲೆ ಬಿಸಿಯಾಗುತ್ತದೆ. ಆ ಬೆಂಚಿನಲ್ಲಿ ಕುಳಿತು ಕೇಳಿದ್ದಂತೂ ಸಹಿಸಲಾಗಲಿಲ್ಲ. ಯಾಕೆಂದರೆ ಆ ಬೆಂಚು ನಮ್ಮ ತೋಡಿನ, ಎಂದರೆ ಊರ ಹಳ್ಳದ, ಕಿಂಡಿ ಅಣೆಕಟ್ಟಿನ ಹಲಗೆ, ಮತ್ತು ಆ ಹಲಗೆಯಿಂದಾಗಿ ಬಾವಿ ಕಳೆದುಕೊಂಡ ಒಬ್ಬರು ನನಗೆ ಗೊತ್ತು.

ಊರಿನಲ್ಲಿ ಎಲ್ಲರೂ ಅವರನ್ನು ಕಟ್ಟದ ಅಕ್ಕ ಎಂದೇ ಕರೆಯುತ್ತಿದ್ದರು. ನಮ್ಮ ಮನೆಯ ನೇರ ಎದುರಿಗೆ, ತೋಡಿನ ಆಚೆ ದಡದಲ್ಲಿ, ಐದು ಸೆಂಟ್ಸಿನಲ್ಲಿ ಅವರ ಮನೆ. ಗಂಡ ಬೇಗ ತೀರಿಹೋಗಿದ್ದರು. ಬೀಡಿ ಕಟ್ಟಿ ಮಗಳನ್ನು ಸಾಕಿ, ಮಂಡೆಕೋಲಿಗೆ ಮದುವೆ ಮಾಡಿ ಕೊಟ್ಟಿದ್ದರು. ಗದ್ದೆ ಇಲ್ಲ, ತೋಟ ಇಲ್ಲ. ಆಸ್ತಿ ಎಂದು ಹೇಳುವುದಾದರೆ ಅಂಗಳದ ಮೂಲೆಯಲ್ಲಿದ್ದ ಒಂದು ಬಾವಿ. ಅದನ್ನು ಗಂಡ ಹೆಂಡತಿ ಇಬ್ಬರೇ ತೋಡಿದ್ದು, ಒಂದು ಆಳನ್ನೂ ಕರೆದಿರಲಿಲ್ಲವಂತೆ. ಅದರ ನೀರಿನ ರುಚಿಯ ಬಗ್ಗೆ ಅಕ್ಕನಿಗೆ ಸ್ವಲ್ಪ ಅಹಂಕಾರವೇ ಇತ್ತು. ಮನೆಗೆ ಹೋದವರಿಗೆ ಚಹಾಕ್ಕಿಂತ ಮೊದಲು ಒಂದು ಚೆಂಬು ನೀರು ಕೊಟ್ಟು, ಕುಡಿದು ಮುಗಿಸುವ ತನಕ ಮುಖವನ್ನೇ ನೋಡುತ್ತಿದ್ದರು.

ನಮ್ಮದು ಪೆರಾಬೆ ಕಡೆ ಗುಡ್ಡಗಳ ನಡುವಿನ ತಗ್ಗಿನಲ್ಲಿರುವ ಒಂದು ಬೈಲು, ನಡುವೆ ತೋಡು. ಮಳೆಗಾಲದಲ್ಲಿ ಕೆಂಪು ನೀರು ದಡ ಮೀರಿ ಹೋಗುತ್ತದೆ. ಫೆಬ್ರವರಿ ಬಂತೆಂದರೆ ಕಲ್ಲುಗಳು ಕಾಣುತ್ತವೆ. ಅದಕ್ಕೆಂದೇ ಪ್ರತಿ ವರ್ಷ ಕಟ್ಟ ಕಟ್ಟುತ್ತಿದ್ದರು. ದೀಪಾವಳಿ ಮುಗಿದು ನೀರು ಮೊಣಕಾಲಿಗಿಂತ ಕೆಳಗಿಳಿದ ಮೇಲೆ ಬರುವ ಮೊದಲ ಆದಿತ್ಯವಾರ, ಮನೆಗೊಂದು ಆಳು. ಗೂಟ ಹೊಡೆದು, ತೆಂಗಿನ ಮಡಲು ಹೆಣೆದು, ಬೈಹುಲ್ಲು ಮತ್ತು ಸೊಪ್ಪು ತುಂಬಿ, ಕಲ್ಲು ಪೇರಿಸಿ, ಮಣ್ಣು ಮೆತ್ತಿ ತೋಡಿಗೆ ಅಡ್ಡ ಕಟ್ಟುವುದು. ಮುಂದಿನ ಮಳೆಗೆ ಅದು ತೊಳೆದುಹೋಗುತ್ತದೆ, ಮತ್ತೆ ಕಟ್ಟುವುದು. ಯಾರಿಗೂ ಸಂಬಳ ಇಲ್ಲ, ಅವಲಕ್ಕಿ ಬೆಲ್ಲ ಮತ್ತು ಚಹಾ. ಕಟ್ಟ ನಿಂತಿತೆಂದರೆ ಮೇಲಿನ ಎರಡೂ ದಡದ ಬಾವಿಗಳಲ್ಲಿ ಮೇ ತಿಂಗಳವರೆಗೆ ನೀರು.

ಗೂಟ ಹೊಡೆಯುವುದು, ಕಲ್ಲು ಹೊರುವುದು ಯಾರಿಂದಲೂ ಆಗುತ್ತಿತ್ತು. ಮಣ್ಣಿನ ಕೆಲಸ ಮಾತ್ರ ಅಕ್ಕನದ್ದು. ಯಾವ ಗದ್ದೆಯ ಬದಿಯ ಜೇಡಿಯನ್ನು ಎಷ್ಟು ಕೆಂಪು ಮಣ್ಣಿನ ಜೊತೆ ಬೆರೆಸಬೇಕು, ಎಷ್ಟು ತುಳಿಯಬೇಕು ಎಂಬುದು ಅವರ ಕಾಲಿಗೆ ಗೊತ್ತಿತ್ತು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ, ತಲೆಗೆ ಬೈರಾಸು ಸುತ್ತಿ, ಕಟ್ಟ ಏರಿದ ಹಾಗೆ ಸೊಂಟದವರೆಗೆ ಏರುವ ನೀರಿನಲ್ಲಿ ನಿಂತಿರುತ್ತಿದ್ದರು. ಎಲ್ಲ ಮುಗಿಯಿತು ಎಂದು ಗಂಡಸರು ದಡ ಹತ್ತಿ ಬೀಡಿ ಹಚ್ಚಿದ ಮೇಲೆ ಅವರ ನಿಜವಾದ ಕೆಲಸ ಶುರು. ಸೆರಗಿನಲ್ಲಿ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡ ಭತ್ತದ ಉಮಿಯನ್ನು ಒಂದೊಂದೇ ಮುಷ್ಟಿ ತೆಗೆದು ನೀರಿಗೆ ಎರಚುವರು. ಉಮಿ ಸುಮ್ಮನೆ ತೇಲುತ್ತದೆ. ಎಲ್ಲಿಯೋ ಒಂದು ಕಡೆ ಮಾತ್ರ ಸಣ್ಣದಾಗಿ ತಿರುಗಿ ಕೆಳಗೆ ಹೋಗುತ್ತದೆ. ಅಲ್ಲಿ ಕಟ್ಟ ಒಸರುತ್ತಿದೆ ಎಂದು ಅರ್ಥ. ಅಲ್ಲಿಗೆ ಭುಜದವರೆಗೆ ಕೈ ಇಳಿಸಿ ಜೇಡಿಯ ಉಂಡೆ ತುರುಕುವರು. ಹೀಗೆ ಆ ದಡದಿಂದ ಈ ದಡದವರೆಗೆ. ಕೊನೆಗೆ ಕಟ್ಟದ ಕೆಳಗಿನ ಬದಿಗೆ ಇಳಿದು, ಅಂಗೈ ಒತ್ತಿ ನೋಡಿ, "ಇನ್ನು ಬೆವರುದಿಲ್ಲ" ಎನ್ನುವರು. ಆ ಮಾತು ಬಂದ ಮೇಲೆಯೇ ಅವಲಕ್ಕಿ ಹಂಚುತ್ತಿದ್ದದ್ದು.

(ನಮ್ಮ ಮನೆಮಾತು, ಅಕ್ಕನ ಮಾತು ಎರಡೂ ತುಳುವೇ. ಬರೆಯುವಾಗ ಊರ ಕನ್ನಡಕ್ಕೆ ತಂದಿದ್ದೇನೆ. ಆ ಧ್ವನಿ ಇದರಲ್ಲಿ ಪೂರ್ತಿ ಬರುವುದಿಲ್ಲ, ಕ್ಷಮಿಸಬೇಕು.)

ಕಟ್ಟ ಎಂದರೆ ಎಲ್ಲರೂ ಕೂಡಿ ಸಾಧಿಸಿದ ಸ್ವಾವಲಂಬನೆ, ಹಳೆಯ ಕಾಲದ ಒಗ್ಗಟ್ಟು ಎಂದು ಈಗ ಪತ್ರಿಕೆಗಳಲ್ಲಿ ಬರೆಯುತ್ತಾರೆ. ಅದನ್ನು ಓದಿದರೂ ನನಗೆ ಸಿಟ್ಟು ಬರುತ್ತದೆ. ಎಲ್ಲರೂ ಕೂಡುತ್ತಿರಲಿಲ್ಲ. ಪಂಪು ಇಟ್ಟು ದಿನವಿಡೀ ನೀರೆಳೆಯುವ ಮೂರು ನಾಲ್ಕು ಮನೆಯವರು ಬದಲಿಗೆ ಆಳು ಕಳಿಸುತ್ತಿದ್ದರು, ಕೆಲವೊಮ್ಮೆ ಅದೂ ಇಲ್ಲ. ದೊಡ್ಡ ಮನೆಯ ಯಜಮಾನರು ದಡದಲ್ಲಿ ಕುರ್ಚಿ ಹಾಕಿಸಿಕೊಂಡು ಎಲೆ ಅಡಿಕೆ ಹಾಕುತ್ತಾ, ಅಲ್ಲಿಗೆ ಕಲ್ಲು ಇಡು, ಇಲ್ಲಿಗೆ ಇಡು ಎಂದು ಹೇಳುವುದೇ ಅವರ ಪಾಲಿನ ದುಡಿಮೆ. ಒಂದು ವರ್ಷ ಅಕ್ಕನ ಕಾಲಿಗೆ ಬಾಟಲಿಯ ಗಾಜು ಹೊಕ್ಕಿತ್ತು. ಬಟ್ಟೆ ಸುತ್ತಿ ಮೇಲಿನಿಂದ ಪ್ಲಾಸ್ಟಿಕ್ ತೊಟ್ಟೆ ಕಟ್ಟಿಕೊಂಡು ಬಂದು ಅದೇ ಕಾಲಿನಲ್ಲಿ ಮಣ್ಣು ತುಳಿದರು. ನಾನಾಗ ಪುತ್ತೂರಿನಲ್ಲಿ ಡಿಗ್ರಿ ಮುಗಿಸಿ ಬಂದು ಮನೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದವ. ಓದಿದ ಬಿಸಿ ಬೇರೆ.

"ಇವರ ಪಂಪಿಗೆ ನೀವು ಯಾಕೆ ಅಕ್ಕ ಕಾಲು ಹಾಳು ಮಾಡುದು?" ಎಂದೆ.

"ಇವರ ಪಂಪಿಗೆ ಯಾರು ಮಾಡುದು ಮಾರಾಯ? ನನ್ನ ಬಾವಿಗೆ" ಎಂದರು, ತುಳಿಯುವುದನ್ನು ನಿಲ್ಲಿಸದೆ.

ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಅಕ್ಕನನ್ನು ಈ ಬಿಟ್ಟಿ ಚಾಕರಿಯಿಂದ ಬಿಡಿಸಬೇಕು ಎಂದು ಆ ದಿನವೇ ನಿಶ್ಚಯ ಮಾಡಿದೆ. ಹಾಗೆ ನನ್ನ ಜೀವನದ ಮೊದಲ ಅರ್ಜಿ ಬರೆದೆ. ನಮ್ಮ ತೋಡಿಗೆ ಸರಕಾರದಿಂದ ಶಾಶ್ವತ ಕಿಂಡಿ ಅಣೆಕಟ್ಟು ಮಂಜೂರು ಮಾಡಿಸಿಕೊಡಬೇಕಾಗಿ ವಿನಂತಿ. ಒಳ್ಳೆಯ ಅರ್ಜಿ. ಈಗಲೂ ಅದರ ವಾಕ್ಯಗಳು ಬಾಯಿಗೆ ಬರುತ್ತವೆ.

ಸಹಿ ಸಂಗ್ರಹಕ್ಕೆ ಮನೆ ಮನೆ ತಿರುಗಿದೆ. ಎಲ್ಲರೂ ಖುಷಿಯಿಂದ ಹಾಕಿದರು. ಕಲ್ಲು ಹೊರುವುದು ತಪ್ಪುತ್ತದೆಂದರೆ ಯಾರಿಗೆ ಬೇಡ? ಕೊನೆಗೆ ಉಳಿದದ್ದು ಅಕ್ಕನ ಮನೆ. ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ನೀರು ಕೊಟ್ಟರು, ಕುಡಿದೆ. ನಕ್ಷೆ ತೋರಿಸಿ ವಿವರಿಸಿದೆ. ಸಿಮೆಂಟಿನ ಕಂಬಗಳು, ನಡುವೆ ಕಿಂಡಿಗಳು, ಮಳೆ ಹೋದ ಮೇಲೆ ಕಿಂಡಿಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಿದರೆ ನೀರು ನಿಲ್ಲುತ್ತದೆ, ಮಳೆಗೆ ಮೊದಲು ತೆಗೆದರಾಯಿತು. ಅಕ್ಕ ಎಲ್ಲ ಕೇಳಿದರು. ಎಲೆ ಸುತ್ತುತ್ತಿದ್ದ ಬೆರಳು ನಿಂತಿತು.

"ಹಲಗೆ ಹಾಕುದು ಯಾರು?"

"ಸರಕಾರದ್ದೇ ಜನ ಬರ್ತಾರೆ ಅಕ್ಕ. ವರ್ಷ ವರ್ಷ ಬಂದು ಹಾಕಿ ಹೋಗ್ತಾರೆ."

ನನಗೆ ಅದು ಗೊತ್ತಿರಲಿಲ್ಲ. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಸಿಮೆಂಟು ಹಾಕುವ ಸರಕಾರ ಹಲಗೆ ಹಾಕದೆ ಇರುತ್ತದೆಯೇ ಎಂದು ನನ್ನಷ್ಟಕ್ಕೆ ಅಂದುಕೊಂಡದ್ದನ್ನು ನೋಡಿ ಬಂದವನ ಹಾಗೆ ಹೇಳಿದೆ. ಅಕ್ಕ ಕೈ ಒರೆಸಿಕೊಂಡು, ನಿಧಾನವಾಗಿ, ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ ಸಹಿ ಹಾಕಿದರು. ಪೂರ್ತಿ ಹೆಸರು ಬರೆದರು. ಅದನ್ನು ನೋಡುತ್ತಾ ನಿಂತದ್ದು ನೆನಪಿದೆ...

ಅರ್ಜಿ ಪಾಸಾಯಿತು. ಕಚೇರಿಗೆ ಮೂರು ನಾಲ್ಕು ಸಲ ಓಡಾಡಿದೆ, ಅವರು ಮುಂದಿಟ್ಟ ಕಾಗದಗಳಿಗೆಲ್ಲ ಓದದೆ ಸಹಿ ಗೀಚಿದೆ. ಇವತ್ತು ಅಂಗಡಿಗೆ ಬಂದವರಿಗೆ ನಾನು ಮೊದಲು ಹೇಳುವುದು, ಓದದೆ ಸಹಿ ಹಾಕಬೇಡಿ ಎಂದು. ಆಗ ಹೇಳುವವರಿರಲಿಲ್ಲ, ಇದ್ದರೂ ನಾನು ಕೇಳುತ್ತಿರಲಿಲ್ಲ. ಊರಲ್ಲಿ ದೊಡ್ಡ ಜನ ಆಗಿದ್ದೆನಲ್ಲ.

ಅಣೆಕಟ್ಟು ಬಂದದ್ದು ಹಳೆಯ ಕಟ್ಟ ಕಟ್ಟುತ್ತಿದ್ದ ಜಾಗದಲ್ಲೇ. ಎರಡೂ ಬದಿ ಬಂಡೆ ಇದ್ದದ್ದು ಅಲ್ಲಿ ಮಾತ್ರ. ಉದ್ಘಾಟನೆಯ ಕಲ್ಲು ಹಾಕಿದರು, ಅದರಲ್ಲಿ ಯಾರ್ಯಾರದೋ ಹೆಸರು. ಮೊದಲ ವರ್ಷ ಗುತ್ತಿಗೆದಾರರ ಜನ ಬಂದು ಹಲಗೆ ಇಳಿಸಿದರು. ಹೊಸ ಹಲಗೆಗಳು, ಒಂದೊಂದಕ್ಕೂ ಹಳದಿ ನಂಬ್ರ, ಎತ್ತಲು ಎರಡು ತುದಿಗೆ ಎರಡು ಬಳೆ. ಕಟ್ಟದಲ್ಲಿ ನಿಲ್ಲುತ್ತಿದ್ದ ನೀರಿನ ಒಂದೂವರೆ ಪಾಲು ನಿಂತಿತು. ಏಪ್ರಿಲಿನಲ್ಲಿಯೂ ಅಕ್ಕನ ಬಾವಿಗೆ ಬಗ್ಗಿದರೆ ಮುಖ ಕಾಣುತ್ತಿತ್ತು. "ನೀನು ಬರೆದದ್ದು ಒಳ್ಳೆದಾಯ್ತು ಮಾರಾಯ" ಎಂದು ತೋಡಿನ ಆಚೆಯಿಂದಲೇ ಕೂಗಿ ಹೇಳಿದರು. ನಾನು ಕೈ ಎತ್ತಿದೆ, ಶಾಸಕರು ಎತ್ತುವ ಹಾಗೆ.

ಆ ವರ್ಷವೇ ಅವರ ವಿಧವಾ ವೇತನಕ್ಕೆ ಅರ್ಜಿ ತುಂಬಿಸಿ ಕೊಟ್ಟೆ. ಬೇಡ ಎನ್ನುತ್ತಾರೋ ಎಂದು ನನಗೆ ಅನುಮಾನವಿತ್ತು. ಅಷ್ಟು ವರ್ಷ ಯಾರ ಹಂಗೂ ಇಲ್ಲದೆ ಬದುಕಿದವರು. ಅಕ್ಕ ನಕ್ಕರು. "ಯಾಕೆ ಬೇಡ? ಕೊಡುದಾದ್ರೆ ತಗೊಳ್ಳುದೇ. ರೇಶನ್ ಅಕ್ಕಿಯಲ್ಲಿ ಗಂಜಿ ಮಾಡುದಿಲ್ವಾ ನಾನು?" ಅವರಿಗೆ ಅದರಲ್ಲಿ ಯಾವ ನಾಚಿಕೆಯೂ ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಪೆನ್ಶನ್ ಬಂದ ತಿಂಗಳೂ ಬೀಡಿಯ ಮೊರ ಮಡಿಲಿನಿಂದ ಇಳಿಯಲಿಲ್ಲ.

ಎರಡನೇ ವರ್ಷ ದೀಪಾವಳಿ ಕಳೆಯಿತು. ನೀರು ಇಳಿಯಿತು. ಯಾರೂ ಬರಲಿಲ್ಲ. ಹಲಗೆಗಳು ಶಾಲೆಯ ಹಿಂದಿನ ಶೆಡ್ಡಿನಲ್ಲಿದ್ದವು. ತೋಡು ಕಿಂಡಿಗಳ ನಡುವೆ ಆರಾಮವಾಗಿ ಹರಿದು ಹೋಗುತ್ತಿತ್ತು. ಜನ ಅಣೆಕಟ್ಟಿನ ಮೇಲಿನ ಸಂಕದಲ್ಲಿ, ಆ ಕಿರುಸೇತುವೆಯಲ್ಲಿ, ನಿಂತು ನೋಡಿ, ಇನ್ನೂ ಬಂದಿಲ್ಲವಲ್ಲ ಎಂದು ಹೇಳಿ ಹೋಗುತ್ತಿದ್ದರು. ಹತ್ತಾರು ವರ್ಷ ತಮ್ಮ ಕೈಯಾರೆ ತೋಡಿಗೆ ಅಡ್ಡ ಕಟ್ಟಿದವರಿಗೆ, ಶೆಡ್ಡಿನಿಂದ ಹಲಗೆ ತಂದು ಇಳಿಸಲು ಬರುತ್ತಿರಲಿಲ್ಲವೇ? ಆದರೆ ಅದು ಸರಕಾರದ್ದು. ಸರಕಾರದ್ದನ್ನು ನಾವು ಮುಟ್ಟುವುದು ಯಾಕೆ, ನಾಳೆ ಏನಾದರೂ ಹೆಚ್ಚು ಕಡಿಮೆಯಾದರೆ ಯಾರು ಹೊಣೆ? ಪಂಪಿನವರು ಅಷ್ಟರಲ್ಲಿ ಬೋರ್‌ವೆಲ್ ತೆಗೆಸಿಯಾಗಿತ್ತು, ಅವರಿಗೆ ತೋಡು ಬೇಕಾಗಿಯೇ ಇರಲಿಲ್ಲ.

ಅಕ್ಕ ನನ್ನನ್ನು ಕೇಳಿದರು. ನಾನು ಪಂಚಾಯತಿಗೆ ಹೋದೆ. ಅವರು ಇಲಾಖೆಗೆ ಹೋಗಿ ಎಂದರು. ಇಲಾಖೆಯಲ್ಲಿ ಒಬ್ಬ ಎಂಜಿನಿಯರರು ತಾಳ್ಮೆಯಿಂದ ಫೈಲು ಹುಡುಕಿ, ಒಂದು ಹಾಳೆಯನ್ನು ತೆರೆದು ನನ್ನ ಕಡೆಗೆ ತಿರುಗಿಸಿದರು. ಬೈಲಿನ ನೀರು ಬಳಕೆದಾರರ ಸಂಘ. ಹಲಗೆ ಅಳವಡಿಸುವುದು, ತೆಗೆಯುವುದು, ಕಾಪಾಡುವುದು ಸಂಘದ ಜವಾಬ್ದಾರಿ. ಅದಕ್ಕೆ ಸಂಘ ಒಪ್ಪಿದೆ. ಕಾರ್ಯದರ್ಶಿಯ ಸಹಿ.

ಸಹಿ ನನ್ನದು.

"ನೀವೇ ಅಲ್ವಾ?" ಎಂದರು. ನಾನೇ ಎಂದೆ. ಅಂಥ ಸಂಘ ಒಂದಿದೆ ಎಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಕ್ಕನಿಗೆ ನಾನು ಮಾತುಕೊಟ್ಟಿದ್ದ ಸರಕಾರದ ಜನ ಎಂದರೆ ನಾನೇ ಆಗಿದ್ದೆ.

ಬಸ್ಸಿನಲ್ಲಿ ಬರುವಾಗ ಎಲ್ಲ ಹೇಳಿಬಿಡಬೇಕು ಎಂದುಕೊಂಡೆ. ಮನೆ ತಲಪುವ ಹೊತ್ತಿಗೆ ಧೈರ್ಯ ಇಳಿದಿತ್ತು. ಅರ್ಜಿ ಬರೆದವ, ಉದ್ಘಾಟನೆಯ ದಿನ ಶಾಲು ಹೊದೆಸಿಕೊಂಡವ, ಈಗ ನಾನು ಓದದೆ ಸಹಿ ಹಾಕಿದೆ ಎಂದು ಹೇಳುವುದು ಹೇಗೆ? ಸಂಕದ ಬಳಿ ಅಕ್ಕ ಕಾಯುತ್ತಿದ್ದರು.

"ಎಂತ ಹೇಳಿದ್ರು?"

"ಫೈಲು ಮೇಲೆ ಹೋಗಿದೆ ಅಕ್ಕ. ಬರ್ತಾರೆ."

ಮರುದಿನದಿಂದ ಒಂದು ವಾರ ಕಾರಣ ಹೇಳದೆ ಮನೆ ಮನೆಗೆ ಫೋನು ಮಾಡಿ, ಈ ವರ್ಷದ ಮಟ್ಟಿಗೆ ನಾವೇ ಹಲಗೆ ಹಾಕುವ ಎಂದು ಕರೆದೆ. ಒಬ್ಬರಿಗೆ ಮದುವೆ, ಒಬ್ಬರಿಗೆ ಸೊಂಟನೋವು. ಉಳಿದವರು, ಹಾಕಿಸುವುದು ನಿನ್ನ ಕೆಲಸ, ನೀನಲ್ಲವೇ ತಂದದ್ದು ಎಂದರು. ಅವರು ತಮಾಷೆಗೆ ಹೇಳಿದ್ದು, ಆದರೆ ಸತ್ಯವನ್ನೇ ಹೇಳಿದ್ದರು. ಅಕ್ಕನಿಗೆ ಮಾತ್ರ ಫೋನು ಮಾಡಲಿಲ್ಲ. ಅವರನ್ನು ಕರೆದರೆ ಯಾಕೆ ಎಂದು ಕೇಳುತ್ತಾರೆ ಎಂಬ ಹೆದರಿಕೆ. ಅಷ್ಟರಲ್ಲಿ ಕಡಬದಲ್ಲಿ ಅಂಗಡಿಗೆ ಕೋಣೆ ಸಿಕ್ಕಿತು. ನಾನು ಅದರಲ್ಲಿ ಮುಳುಗಿದೆ. ಮುಳುಗಿದೆ ಎನ್ನುವುದಕ್ಕಿಂತ ಅಡಗಿಕೊಂಡೆ ಎನ್ನುವುದು ಸರಿ.

ಜನವರಿ ಕೊನೆಗೆ ಅಕ್ಕನ ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಹಗ್ಗ ಜೋಡಿಸಬೇಕಾಯಿತು. ಫೆಬ್ರವರಿಯಲ್ಲಿ ಕೊಡಪಾನ ತಳಕ್ಕೆ ಬಡಿಯುವ ಸದ್ದು ತೋಡಿನ ಈಚೆ ನಮ್ಮ ಅಂಗಳಕ್ಕೆ ಕೇಳುತ್ತಿತ್ತು.

ಆ ಬೇಸಿಗೆಯ ಗ್ರಾಮಸಭೆಗೆ ನಾನೂ ಹೋಗಿದ್ದೆ. ನೀರಿನ ಮಾತು ಬಂತು. ದೊಡ್ಡ ಮನೆಯ ಯಜಮಾನರು ಮೈಕು ಹಿಡಿದು, ಹಿಂದೆ ಜನರಿಗೆ ದುಡಿಯುವ ಮನಸ್ಸಿತ್ತು, ಊರು ಸೇರಿ ಕಟ್ಟ ಕಟ್ಟುತ್ತಿದ್ದೆವು, ಪುಕ್ಕಟೆ ಅಕ್ಕಿ ಬಂದ ಮೇಲೆ ಒಬ್ಬ ಕೆಲಸಕ್ಕೆ ಬರುವುದಿಲ್ಲ, ಸ್ವಾಭಿಮಾನವೇ ಹೋಯಿತು ಎಂದರು. ಕೆಲವರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಿಂದ ಅಕ್ಕ ಎದ್ದು ನಿಂತರು. ಯಾರೋ ಮೈಕು ಕೊಡಲು ಹೋದರು, ಅಕ್ಕ ತೆಗೆದುಕೊಳ್ಳಲಿಲ್ಲ.

"ಪುಕ್ಕಟೆ ಅಕ್ಕಿ ತಿನ್ನುದು ನಾನು. ಕಟ್ಟಕ್ಕೆ ಒಂದು ವರ್ಷವೂ ಬಾರದೆ ಕೂತದ್ದಿಲ್ಲ. ನೀವು ಯಾವ ವರ್ಷ ನೀರಿಗೆ ಇಳಿದದ್ದು ಯಜಮಾನ್ರೆ? ಒಂದು ವರ್ಷ ಹೇಳಿ, ನಾನು ಕೂತುಕೊಳ್ತೇನೆ."

ಯಜಮಾನರು ತಾವೇ ಕೂತರು. ಅಕ್ಕ ಕೂರಲಿಲ್ಲ. ಅಧ್ಯಕ್ಷರ ಕಡೆ ತಿರುಗಿ ಹೇಳಿದರು: "ಅಕ್ಕಿ ಕೊಡಿ, ಪೆನ್ಶನ್ ಕೊಡಿ, ಬೇಡ ಅಂತ ಹೇಳುದಿಲ್ಲ. ಹಲಗೆ ಹಾಕುದು ಯಾರು, ಅದೊಂದು ಹೇಳಿ. ಯಾರದ್ದಾದ್ರೂ ಹೆಸರು ಇರ್ಬೇಕಲ್ಲ."

ಹೆಸರು ಇತ್ತು. ಆ ಹೆಸರಿನವ ಮೂರನೇ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನೆಲ ನೋಡುತ್ತಿದ್ದ. ಪರಿಶೀಲಿಸುತ್ತೇವೆ ಎಂದು ಅಧ್ಯಕ್ಷರು ಬರೆದುಕೊಂಡರು. ಟ್ಯಾಂಕರ್ ಕಳಿಸುವ ವ್ಯವಸ್ಥೆ ಮಾಡುತ್ತೇವೆ ಎಂದರು. ಟ್ಯಾಂಕರ್ ಬಂತು, ನಿಜ. ಎರಡು ದಿನಕ್ಕೊಮ್ಮೆ, ರಸ್ತೆಯ ತುದಿಯವರೆಗೆ. ಅಲ್ಲಿಂದ ಕೊಡಪಾನ ಸೊಂಟಕ್ಕಿಟ್ಟು ಬೈಲಿಗೆ ಇಳಿಯಬೇಕು. ಬಾವಿಯ ನೀರು ಕೊಟ್ಟು ಕುಡಿದವರ ಮುಖ ನೋಡುತ್ತಿದ್ದ ಹೆಂಗಸು, ಕ್ಲೋರಿನ್ ವಾಸನೆಯ ನೀರು ಹೊತ್ತು ಇಳಿಯುವುದನ್ನು ನಾನು ಟ್ಯಾಂಕರ್ ಬಂದ ದಿನಗಳಲ್ಲೆಲ್ಲ ಅಂಗಡಿಗೆ ಹೊರಡುವಾಗ ನೋಡುತ್ತಿದ್ದೆ. ನನ್ನ ಬೈಕು ನಿಲ್ಲುತ್ತಿರಲಿಲ್ಲ.

ಮೂರನೇ ವರ್ಷ ಅವರು ಯಾರನ್ನೂ ಕೇಳಲಿಲ್ಲ. ಅಣೆಕಟ್ಟಿನಿಂದ ಸ್ವಲ್ಪ ಮೇಲೆ, ತಮ್ಮ ಬಾವಿಯ ನೇರಕ್ಕೆ, ಒಬ್ಬರೇ ಕಟ್ಟ ಕಟ್ಟಲು ಹೊರಟರು. ಅಲ್ಲಿ ಬಂಡೆಯಿಲ್ಲ, ಗೂಟ ನಿಲ್ಲುವುದಿಲ್ಲ. ಹತ್ತು ಹನ್ನೆರಡು ದಿನ ಕಲ್ಲು ಪೇರಿಸಿ, ಮಡಲು ಒತ್ತಿ, ಮಣ್ಣು ಮೆತ್ತಿದರು. ಕೊನೆಯ ದಿನ ಉಮಿ ಎರಚುವುದನ್ನು ನಾನು ನಮ್ಮ ಅಂಗಳದಿಂದ ನೋಡಿದೆ. ಉಮಿ ಒಂದು ಕಡೆ ಅಲ್ಲ, ನಾಲ್ಕಾರು ಕಡೆ ತಿರುಗಿ ಕೆಳಗೆ ಹೋಗುತ್ತಿತ್ತು. ಎಲ್ಲ ಕಡೆಗೂ ಕೈ ಇಳಿಸಿದರು. ಅಂಗೈ ಒತ್ತಿ ನೋಡಿದರು. ಆ ಮಾತು ಹೇಳಿದರೋ ಇಲ್ಲವೋ, ದೂರಕ್ಕೆ ಕೇಳಿಸಲಿಲ್ಲ... ಹೇಳಿದರೂ ಕೇಳುವವರು ಅಲ್ಲಿ ಇರಲಿಲ್ಲ. ಅದು ಮೂರು ವಾರ ನಿಂತಿತು. ಒಂದು ಅಕಾಲ ಮಳೆ ಬಂದು ತೆಗೆದುಕೊಂಡು ಹೋಯಿತು.

ಶೆಡ್ಡಿನ ಬೀಗ ಆ ಬೇಸಿಗೆಯಲ್ಲೇ ಯಾರೋ ಮುರಿದರಂತೆ. ಹಲಗೆಗಳು ಒಂದೊಂದಾಗಿ ಕಾಣೆಯಾದವು. ಸರಕಾರದ್ದಾದ್ದರಿಂದ ಯಾರೂ ಹುಡುಕಲಿಲ್ಲ. ಹಾಕಲು ಮುಟ್ಟಬಾರದ ಹಲಗೆಯನ್ನು ಕದಿಯಲು ಮುಟ್ಟಬಹುದಿತ್ತು.

ಅದಾಗಿ ಒಂದು ಮಧ್ಯಾಹ್ನ ಅಕ್ಕ ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ, ಅದರೊಳಗೆ ರೇಶನ್ ಕಾರ್ಡು, ಪೆನ್ಶನ್ ಕಾಗದ, ಆಧಾರ್. ಬೆಂಚಿನಲ್ಲಿ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು.

"ವಿಳಾಸ ಬದಲಿಸ್ಬೇಕು. ಮಗಳ ಮನೆಗೆ ಹೋಗುದು, ಮಂಡೆಕೋಲಿಗೆ. ಅಲ್ಲಿ ನೀರುಂಟು."

ಎಷ್ಟು ದಿನಕ್ಕೆ ಎಂದು ಕೇಳಿದೆ. ಎಷ್ಟು ದಿನಕ್ಕೆ ಅಂತ ಯಾರಾದ್ರೂ ರೇಶನ್ ಕಾರ್ಡು ಬದಲಿಸ್ತಾರಾ ಎಂದರು. ನಾನು ಟೈಪು ಮಾಡತೊಡಗಿದೆ. ಹೆಸರು, ಹಳೆಯ ವಿಳಾಸ, ಹೊಸ ವಿಳಾಸ. ಕಾರಣ ಎಂಬ ಕಲಮಿಗೆ ಬಂದಾಗ ಬೆರಳು ನಿಂತಿತು. ಅಕ್ಕ ಹೊರಗೆ ರಸ್ತೆ ನೋಡುತ್ತಾ ಕುಳಿತಿದ್ದರು. ಅಲ್ಲಿಯೇ ನೋಡುತ್ತಾ ಹೇಳಿದರು:

"ಸೆಕ್ರೆಟ್ರಿ ನೀನಂತೆ."

ಕೀಬೋರ್ಡಿನ ಮೇಲಿನಿಂದ ಕೈ ತೆಗೆದೆ.

"ಗ್ರಾಮಸಭೆ ಆದ ಮೇಲೆ ನಾನೇ ಹೋಗಿದ್ದೆ ಆಫೀಸಿಗೆ. ಕಾಗದ ತೋರಿಸಿದ್ರು. ಓದ್ಲಿಕ್ಕೆ ಬರ್ತದಲ್ಲ ನನಗೆ."

"ಮತ್ತೆ ಯಾಕೆ ಅಕ್ಕ ನನ್ನ ಹತ್ರ ಕೇಳ್ಲಿಲ್ಲ?"

"ನೀನಾಗಿ ಹೇಳ್ತೀಯಾ ಅಂತ ನೋಡಿದೆ."

ಬೈದಿದ್ದರೆ ಒಳ್ಳೆಯದಿತ್ತು. ನಾಲ್ಕು ಜನರ ಎದುರು ಬೈದಿದ್ದರೆ ಇನ್ನೂ ಒಳ್ಳೆಯದಿತ್ತು. ಅಕ್ಕ ತೊಟ್ಟೆಯ ಬಾಯಿಯನ್ನು ಮಡಚುತ್ತಾ, ನನಗೆ ಏನೋ ಸಣ್ಣ ಲೆಕ್ಕ ಕಲಿಸಿಕೊಡುವ ಹಾಗೆ ಹೇಳಿದರು:

"ಒಂದು ಹಲಗೆಗೆ ಎರಡು ಬಳೆ ಅಲ್ವಾ ಇದ್ದದ್ದು. ನೀನೊಂದು ಬದಿ, ನಾನೊಂದು ಬದಿ. ಹೇಳಿದ್ರೆ ನಾವಿಬ್ಬರೇ ಹಾಕ್ತಿದ್ದೆವು ಮಾರಾಯ. ದಿನಕ್ಕೆ ನಾಲ್ಕು ಹಾಕಿದ್ರೂ ಮುಗೀತಿತ್ತು. ಮಣ್ಣು ಹೇಗೂ ನನ್ನದೇ."

ಕಾರಣ ಎಂಬ ಕಲಮಿನಲ್ಲಿ ವಾಸ್ತವ್ಯ ಬದಲಾವಣೆ ಎಂದು ಬರೆದೆ. ಪ್ರಿಂಟು ತೆಗೆದು ಕೊಟ್ಟೆ. ಅಕ್ಕ ಅದನ್ನು ಮೊದಲಿನಿಂದ ಕೊನೆಯವರೆಗೆ, ತುಟಿ ಅಲ್ಲಾಡಿಸುತ್ತಾ, ಪೂರ್ತಿ ಓದಿದರು. ಆಮೇಲೆ ಸಹಿ ಹಾಕಿದರು.

ಅವರು ಹೋಗಿ ಎರಡು ವರ್ಷಕ್ಕೆ ಮಂಡೆಕೋಲಿನಲ್ಲಿ ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ಬೊಜ್ಜ, ಉತ್ತರಕ್ರಿಯೆ, ಎಲ್ಲ ಮುಗಿದ ಮೇಲೆ, ಅದೂ ಪೆನ್ಶನ್ ನಿಲ್ಲಿಸುವ ಅರ್ಜಿಗೆಂದು ಮಗಳು ಅಂಗಡಿಗೆ ಬಂದಾಗ. ಕೊನೆಯ ದಿನಗಳಲ್ಲಿ ಏನಾದರೂ ಹೇಳುತ್ತಿದ್ದರೇ ಎಂದು ಕೇಳಿದೆ. ಮಗಳು ಸ್ವಲ್ಪ ಯೋಚಿಸಿ, ಅಲ್ಲಿಯ ನೀರು ರುಚಿ ಇಲ್ಲ ಎನ್ನುತ್ತಿದ್ದರು ಎಂದಳು. ಆ ಅರ್ಜಿಯನ್ನೂ ನಾನೇ ತುಂಬಿದೆ. ಅಣೆಕಟ್ಟಿನ ಕಂಬಗಳು ಈಗಲೂ ಗಟ್ಟಿಯಾಗಿವೆ, ಅದರ ಮೇಲಿನ ಸಂಕದಲ್ಲಿ ಬೈಕು ಹೋಗುತ್ತದೆ. ಅಕ್ಕನ ಬಾವಿಗೆ ಯಾರೋ ಕಸ ಹಾಕತೊಡಗಿದ್ದಾರೆ. ಹಾಕಬೇಡಿ ಎಂದು ಹೇಳಲು ನಾನು ಯಾರು?

ಸವಣೂರಿನ ಹೋಟೆಲಿನಲ್ಲಿ ನನ್ನ ಚಹಾ ತಣ್ಣಗಾಗಿತ್ತು. ಮಗುಚಿ ಹಾಕಿದ ಬೆಂಚಿನ ಎದುರು ಆ ಇಬ್ಬರೂ ಗ್ಲಾಸು ಹಿಡಿದು ನಿಂತುಕೊಂಡೇ ಚರ್ಚೆ ಮುಂದುವರಿಸಿದ್ದರು. ಜನ ಸೋಮಾರಿಗಳಾದದ್ದು ಹೌದೋ ಅಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಅವರಿಬ್ಬರಿಗೂ ಹೇಳಲು ನನ್ನಲ್ಲಿ ಬಹಳ ಇತ್ತು. ಅದನ್ನು ಹೇಳಬೇಕಾಗಿದ್ದ ಜಾಗ ಬೇರೆಯಿತ್ತು, ಹೇಳಬೇಕಾಗಿದ್ದ ಸಮಯವೂ ಬೇರೆಯಿತ್ತು.

"ಆಯ್ತಾ ನೋಡಿ? ಜನಕ್ಕೆ ಕೂತುಕೊಳ್ಳಿಕ್ಕೆ ಬೇಕು" ಎಂದರು ಹೋಟೆಲಿನವರು.

ಅವರು ಒಂದು ಬದಿಯ ಬಳೆ ಹಿಡಿದರು. ನಾನು ಇನ್ನೊಂದು ಬದಿಯದ್ದು ಹಿಡಿದೆ. ಎತ್ತಿ, ತಿರುಗಿಸಿ, ಗೋಡೆಗೆ ಒತ್ತಿ ಇಟ್ಟೆವು. ಅಷ್ಟೇನೂ ಭಾರ ಇರಲಿಲ್ಲ.